ಹುಬ್ಬುಗಳ ನಡುವಿನ ಗೆರೆಗೆ ಬೊಟಾಕ್ಸ್: ಪಾರ್ಲರಿನಲ್ಲಿ ಹಾಕಿಸಿಕೊಳ್ಳಬಹುದೇ?

ಪ್ರಶ್ನೆ: ಕಲಬುರಗಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ, ವಯಸ್ಸು 47. ನನ್ನ ಎರಡು ಹುಬ್ಬುಗಳ ನಡುವೆ, ಮೂಗಿನ ಬುಡದಿಂದ ಮೇಲಕ್ಕೆ, ಎರಡು ಗೆರೆಗಳು ಆಳವಾಗಿ ಕೂತುಬಿಟ್ಟಿವೆ. ಸಿಟ್ಟಿಲ್ಲದಿದ್ದರೂ ಸಿಟ್ಟಾದವಳಂತೆ ಕಾಣುತ್ತೇನೆ; ಲೆಕ್ಕ ತಿಳಿಯದ ಮಕ್ಕಳು ಇನ್ನೊಮ್ಮೆ ಕೇಳುವುದಕ್ಕೂ ಹೆದರುತ್ತಾರೆ. ಇನ್ನು ಎರಡು ತಿಂಗಳಲ್ಲಿ ಮಗಳ ಮದುವೆಯಿದೆ. ನಾನು ಹೋಗುವ ಬ್ಯೂಟಿ ಪಾರ್ಲರಿಗೆ ತಿಂಗಳಿಗೊಮ್ಮೆ ದೊಡ್ಡ ಊರಿನಿಂದ ಒಬ್ಬರು ಬಂದು ಬೊಟಾಕ್ಸ್ ಚುಚ್ಚುಮದ್ದು ಹಾಕುತ್ತಾರಂತೆ. ಹಣೆ, ಹುಬ್ಬು, ಕಣ್ಣಂಚು ಮೂರಕ್ಕೂ ಸೇರಿ ಒಂದೇ ದರ. ಕಳೆದ ವರ್ಷ ಅದೇ ಪಾರ್ಲರಿನಲ್ಲಿ ಕೂದಲಿಗೆ ‘ಹೇರ್ ಬೊಟಾಕ್ಸ್’ ಮಾಡಿಸಿಕೊಂಡಾಗ ಏನೂ ತೊಂದರೆಯಾಗಿರಲಿಲ್ಲವಾದ್ದರಿಂದ, ಇದಕ್ಕೂ ಒಪ್ಪಿಕೊಳ್ಳೋಣವೆಂದುಕೊಂಡಿದ್ದೆ. ಆದರೆ ನಮ್ಮ ಮನೆಯವರು, ಅದು ವಿಷ, ಮುಖಕ್ಕೆ ವಿಷ ಚುಚ್ಚಿಸಿಕೊಳ್ಳುತ್ತೀಯಾ ಎಂದು ಕೇಳಿದ ಮೇಲೆ ನಿದ್ದೆ ಕೆಟ್ಟಿದೆ. ಇದು ನಿಜವಾಗಿಯೂ ವಿಷವೇ? ವಿಷವಾದರೆ ಗೆರೆಯನ್ನು ಅಳಿಸುವುದು ಹೇಗೆ? ಒಮ್ಮೆ ಹಾಕಿಸಿಕೊಂಡು ಬಿಟ್ಟುಬಿಟ್ಟರೆ ಮುಖ ಮೊದಲಿಗಿಂತ ಕೆಡುತ್ತದೆಯೇ? ತಿಳಿದವರು ವಿವರವಾಗಿ ಹೇಳಬೇಕೆಂದು ವಿನಂತಿ.

ಉತ್ತರ 1: ಬೀದರಿನ ಚರ್ಮವೈದ್ಯ

ಮೊದಲು ಹೇರ್ ಬೊಟಾಕ್ಸಿನ ವಿಷಯ ಮುಗಿಸೋಣ. ಅದರಲ್ಲಿ ಬೊಟಾಕ್ಸ್ ಎಂಬ ಔಷಧ ಒಂದು ಹನಿಯೂ ಇರುವುದಿಲ್ಲ. ಅದು ಕೂದಲಿನ ಹೊರಮೈಗೆ ಹಚ್ಚುವ ಒಂದು ಬಗೆಯ ಕಂಡೀಷನರ್. ಹೆಸರನ್ನಷ್ಟೇ ಎರವಲು ತಂದಿದ್ದಾರೆ. ಅದು ನಿಮಗೆ ಒಗ್ಗಿತು ಎಂಬುದರಿಂದ ಚುಚ್ಚುಮದ್ದಿನ ಬಗ್ಗೆ ಏನೂ ತಿಳಿಯುವುದಿಲ್ಲ.

ನಿಮ್ಮ ಮನೆಯವರು ಹೇಳಿದ್ದು ಸುಳ್ಳಲ್ಲ. ಬೊಟಾಕ್ಸಿನಲ್ಲಿರುವುದು ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಬೊಟುಲಿನಮ್ ಟಾಕ್ಸಿನ್. ಅದು ನಮಗೆ ತಿಳಿದಿರುವ ವಿಷಗಳಲ್ಲೆಲ್ಲ ಅತ್ಯಂತ ಉಗ್ರವಾದವುಗಳಲ್ಲಿ ಒಂದು. ಲ್ಯಾಟಿನ್ನಿನಲ್ಲಿ ‘ಬೊಟುಲಸ್’ ಎಂದರೆ ಸಾಸೇಜ್. ಜರ್ಮನಿಯಲ್ಲಿ ಕೆಟ್ಟ ಸಾಸೇಜ್ ತಿಂದವರು ಕಣ್ಣುರೆಪ್ಪೆ ಎತ್ತಲಾರದೆ, ನುಂಗಲಾರದೆ, ಕೊನೆಗೆ ಉಸಿರಾಡಲಾರದೆ ಸಾಯುವುದನ್ನು 1820ರ ಸುಮಾರಿಗೆ ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯ ವಿವರವಾಗಿ ಬರೆದಿಟ್ಟ. ಸ್ನಾಯುಗಳನ್ನು ಸಡಿಲಿಸುವ ಈ ಗುಣವನ್ನು ಮದ್ದಾಗಿ ಬಳಸಬಹುದೆಂದು ಊಹಿಸಿದವನೂ ಅವನೇ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಈಗ ಗೆರೆಯ ವಿಷಯ. ಹುಬ್ಬು ಗಂಟಿಕ್ಕಿದಾಗ ಹುಬ್ಬಿನ ಕೆಳಗಿರುವ ಸಣ್ಣ ಸ್ನಾಯುಗಳು ಚರ್ಮವನ್ನು ಒಳಕ್ಕೆ ಎಳೆಯುತ್ತವೆ, ಚರ್ಮ ಮಡಿಕೆ ಬೀಳುತ್ತದೆ. ನಿನ್ನೆ ಮಡಚಿಟ್ಟ ಇಳಕಲ್ ಸೀರೆಯನ್ನು ಬಿಡಿಸಿದರೆ ಮಡಿಕೆ ಹೋಗುತ್ತದೆ. ಹತ್ತು ವರ್ಷ ಟ್ರಂಕಿನಲ್ಲಿಟ್ಟದ್ದನ್ನು ಬಿಡಿಸಿದರೆ ಗೆರೆ ಹಾಗೇ ಉಳಿದಿರುತ್ತದೆ. ಮುಖದಲ್ಲಿಯೂ ಹೀಗೆ ಎರಡು ಬಗೆಯ ಗೆರೆಗಳಿವೆ. ಮುಖ ಆಡಿಸಿದಾಗ ಮಾತ್ರ ಮೂಡುವ ಗೆರೆಗಳ ಮೇಲೆ ಈ ಚುಚ್ಚುಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ಸುಮ್ಮನಿದ್ದಾಗಲೂ ಕಾಣುವ ಗೆರೆಗಳು ತೆಳುವಾಗುತ್ತವೆಯೇ ಹೊರತು ಪೂರ್ತಿ ಅಳಿಯುವ ಭರವಸೆಯಿಲ್ಲ. ನಿಮ್ಮವು ಎರಡನೆಯ ಬಗೆಯವೆಂದು ಬರಹದಿಂದ ತೋರುತ್ತದೆ.

ಸ್ನಾಯು ಕುಗ್ಗಬೇಕಾದರೆ ನರದಿಂದ ಅದಕ್ಕೆ ಅಪ್ಪಣೆ ಬರಬೇಕು. ನರದ ತುದಿಯಲ್ಲಿ ಅಸಿಟೈಲ್ಕೋಲಿನ್ ಎಂಬ ರಾಸಾಯನಿಕ ತುಂಬಿದ ಅತಿ ಸಣ್ಣ ಚೀಲಗಳಿರುತ್ತವೆ. ಅಪ್ಪಣೆ ಬಂದೊಡನೆ ಆ ಚೀಲಗಳು ನರದ ಹೊರಪೊರೆಗೆ ಅಂಟಿ, ಬಾಯಿ ಬಿಚ್ಚಿ, ಒಳಗಿನದನ್ನು ಸ್ನಾಯುವಿನ ಮೇಲೆ ಸುರಿಯುತ್ತವೆ. ಚೀಲ ಪೊರೆಗೆ ಅಂಟಲು ಬೇಕಾದ ಕೊಂಡಿಗಳಲ್ಲಿ ಸ್ನ್ಯಾಪ್-25 ಎಂಬ ಪ್ರೋಟೀನ್ ಒಂದು. ಟಾಕ್ಸಿನ್ ಅಣುವಿಗೆ ಎರಡು ಭಾಗಗಳಿವೆ: ದೊಡ್ಡದು ನರದ ತುದಿಯನ್ನು ಗುರುತಿಸಿ ಹಿಡಿದು ಒಳಗೆ ಹೋಗಲು ದಾರಿ ಮಾಡುತ್ತದೆ, ಚಿಕ್ಕದು ಒಳಹೊಕ್ಕು ಆ ಕೊಂಡಿಯನ್ನು ಕತ್ತರಿಸುತ್ತದೆ. ಚೀಲಗಳು ಇರುತ್ತವೆ, ಅಪ್ಪಣೆಯೂ ಬರುತ್ತದೆ, ಆದರೆ ಏನೂ ಸುರಿಯುವುದಿಲ್ಲ. ಸ್ನಾಯು ಸಡಿಲವಾಗಿ ಬಿದ್ದಿರುತ್ತದೆ, ಮೇಲಿನ ಚರ್ಮಕ್ಕೆ ಮಡಿಕೆ ಬೀಳುವ ಕಾರಣವಿರುವುದಿಲ್ಲ. ಅಂದರೆ ಈ ಔಷಧ ಚರ್ಮವನ್ನು ಮುಟ್ಟುವುದೇ ಇಲ್ಲ. ಚುಚ್ಚಿದೊಡನೆ ಏನೂ ಕಾಣದೆ, ಎರಡು ನಾಲ್ಕು ದಿನಗಳಲ್ಲಿ ಪರಿಣಾಮ ಆರಂಭವಾಗಿ, ಎರಡು ವಾರದ ಹೊತ್ತಿಗೆ ಪೂರ್ತಿಯಾಗುತ್ತದೆ. ನರ ಸಾಯುವುದಿಲ್ಲ, ಅದು ಹೊಸ ಕವಲುಗಳನ್ನು ಚಾಚುತ್ತದೆ, ಹಳೆಯ ತುದಿಯೂ ಕ್ರಮೇಣ ಸರಿಹೋಗುತ್ತದೆ. ಹಾಗಾಗಿ ಮೂರು ನಾಲ್ಕು ತಿಂಗಳಲ್ಲಿ ಸ್ನಾಯು ಮತ್ತೆ ಮೊದಲಿನಂತಾಗುತ್ತದೆ. ಬಿಟ್ಟರೆ ಮುಖ ಕೆಡುತ್ತದೆಯೇ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ: ನೀವು ಹೊರಟ ಜಾಗಕ್ಕೇ ಹಿಂದಿರುಗುತ್ತೀರಿ, ಅದಕ್ಕಿಂತ ಕೆಳಗಲ್ಲ.

ವಿಷ ಮದ್ದಾಗುವುದು ಪ್ರಮಾಣದಿಂದ. ಇದನ್ನು ಗ್ರಾಮಿನಲ್ಲಿ ಅಳೆಯದೆ ಯೂನಿಟ್ಟಿನಲ್ಲಿ ಅಳೆಯುತ್ತಾರೆ. ಬೊಟಾಕ್ಸ್ ತಯಾರಕರ ಸೂಚನೆಯಂತೆ ಹುಬ್ಬುಗಳ ನಡುವಿನ ಗೆರೆಗೆ ಐದು ಕಡೆ ನಾಲ್ಕು ನಾಲ್ಕರಂತೆ 20 ಯೂನಿಟ್ ಸಾಕು. 70 ಕಿಲೋ ತೂಕದ ವ್ಯಕ್ತಿಗೆ ಪ್ರಾಣಾಂತಿಕವಾಗುವ ಪ್ರಮಾಣ ಎರಡೂವರೆಯಿಂದ ಮೂರು ಸಾವಿರ ಯೂನಿಟ್ಟಿನ ಆಸುಪಾಸು ಎಂದು ಮಂಗಗಳ ಮೇಲಿನ ಪ್ರಯೋಗಗಳಿಂದ ಅಂದಾಜು ಮಾಡಿದ್ದಾರೆ. ಈ ಅಂತರವೇ ಅದರ ಸುರಕ್ಷತೆ. ಸರಿಯಾದ ಕೈಯಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆಗಳೆಂದರೆ ತಲೆನೋವು, ಚುಚ್ಚಿದ ಕಡೆ ನೀಲಿಗಟ್ಟುವುದು, ಕೆಲವರಲ್ಲಿ ಒಂದು ರೆಪ್ಪೆ ಜೋಲುವುದು. ಔಷಧ ದೂರದ ಸ್ನಾಯುಗಳಿಗೆ ಹರಡಿ ನುಂಗಲು, ಉಸಿರಾಡಲು ಕಷ್ಟವಾಗಬಹುದೆಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಪೊಟ್ಟಣದ ಸೂಚನಾಪತ್ರದಲ್ಲಿ ಚೌಕಟ್ಟು ಕಟ್ಟಿ ಮುದ್ರಿಸಲು ಆದೇಶಿಸಿತು. ಇಂಥವು ಮುಖ್ಯವಾಗಿ ಕೈಕಾಲು ಬಿಗಿತಕ್ಕೆ ದೊಡ್ಡ ಪ್ರಮಾಣ ಪಡೆದ ಮಕ್ಕಳಲ್ಲಿ ಕಂಡಿದ್ದವು. ಗರ್ಭಿಣಿಯರು, ಹಾಲುಣಿಸುವವರು, ಮಯಸ್ತೇನಿಯಾ ಗ್ರೇವಿಸ್‌ನಂತಹ ನರಸ್ನಾಯು ಕಾಯಿಲೆಯಿರುವವರು ಇದರಿಂದ ದೂರವಿರಬೇಕು. ಜೆಂಟಾಮೈಸಿನ್, ಅಮಿಕಾಸಿನ್‌ನಂತಹ ಆಂಟಿಬಯೊಟಿಕ್ ಚುಚ್ಚುಮದ್ದು ನಡೆಯುತ್ತಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಅವೂ ನರದ ಅಪ್ಪಣೆಯನ್ನು ದುರ್ಬಲಗೊಳಿಸುತ್ತವೆ.

ಅಂದಹಾಗೆ, ಗೆರೆಗೆ ಈ ಔಷಧ ಬಂದದ್ದು ಹಿಂಬಾಗಿಲಿನಿಂದ. 1989ರಲ್ಲಿ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಮೆಳ್ಳೆಗಣ್ಣಿಗೆ ಮತ್ತು ತಾನಾಗಿಯೇ ಬಿಗಿದು ಮುಚ್ಚಿಕೊಳ್ಳುವ ರೆಪ್ಪೆಗಳಿಗೆ. ಕೆನಡಾದ ವ್ಯಾಂಕೂವರಿನಲ್ಲಿ ಕಣ್ಣಿನ ವೈದ್ಯೆ ಜೀನ್ ಕ್ಯಾರುಥರ್ಸ್, ರೆಪ್ಪೆಗೆ ಚಿಕಿತ್ಸೆ ಪಡೆದವರ ಹುಬ್ಬಿನ ಗೆರೆಗಳೂ ಮಾಯವಾಗುತ್ತಿರುವುದನ್ನು ಗಮನಿಸಿದರು. ಅವರ ಪತಿ ಅಲಸ್ಟೇರ್ ಚರ್ಮವೈದ್ಯರು. ಇಬ್ಬರೂ ಸೇರಿ 1992ರಲ್ಲಿ ಅದನ್ನು ಪ್ರಕಟಿಸಿದರು, ಗೆರೆಗಾಗಿಯೇ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ಉತ್ತರ 2: ಯಾದಗಿರಿಯ ಔಷಧ ವ್ಯಾಪಾರಿ

ವೈದ್ಯರು ಔಷಧದ ಗುಣ ಹೇಳಿದ್ದಾರೆ. ನಾನು ಸೀಸೆಯ ವಿಷಯ ಹೇಳುತ್ತೇನೆ, ಏಕೆಂದರೆ ಪಾರ್ಲರಿನ ಪ್ರಶ್ನೆ ನಿಲ್ಲುವುದು ಅಲ್ಲಿಯೇ. ಬೊಟಾಕ್ಸ್ ಬರುವುದು ದ್ರವವಾಗಿ ಅಲ್ಲ. ಸೀಸೆಯ ತಳದಲ್ಲಿ ಕಂಡೂ ಕಾಣದಂತೆ ಒಣಗಿದ ಪುಡಿಯ ಪದರವಿರುತ್ತದೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಚುಚ್ಚುವ ಮೊದಲು ಸಲೈನ್ ಬೆರೆಸಿ ಕರಗಿಸುತ್ತಾರೆ, ಕರಗಿಸಿದ್ದನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕೆಂದು ತಯಾರಕರೇ ಬರೆದಿದ್ದಾರೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಹೀಗಿರುವಾಗ ತಿಂಗಳಿಗೊಮ್ಮೆ ರೈಲಿನಲ್ಲೋ ಬಸ್ಸಿನಲ್ಲೋ ಬರುವವರ ಚೀಲದಲ್ಲಿ ಆ ಸೀಸೆ ಹೇಗೆ ಪಯಣಿಸಿತೆಂದು ಕೇಳುವ ಹಕ್ಕು ನಿಮಗಿದೆ. ತಂಪು ತಪ್ಪಿದ ಔಷಧ ಸಾಮಾನ್ಯವಾಗಿ ಬಲ ಕಳೆದುಕೊಳ್ಳುತ್ತದೆ, ದುಡ್ಡು ನೀರಿಗೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಸೀಸೆಯೇ ನಕಲಿಯಾಗಿದ್ದರೆ.

ಇದು ಬೆದರಿಸುವ ಮಾತಲ್ಲ. 2004ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, ಮನುಷ್ಯರಿಗಲ್ಲದೆ ಪ್ರಯೋಗಾಲಯಕ್ಕೆಂದು ಮಾರಿದ್ದ ಟಾಕ್ಸಿನ್ನನ್ನು ಚುಚ್ಚಿದ್ದರಿಂದ ನಾಲ್ವರು ಪಾರ್ಶ್ವವಾಯು ಬಡಿದವರಂತಾಗಿ ಉಸಿರಾಟದ ಯಂತ್ರಕ್ಕೆ ಹೋದರು. ಅವರಲ್ಲಿ ಚುಚ್ಚಿದ ವೈದ್ಯನೂ ಒಬ್ಬ. 2024ರ ಏಪ್ರಿಲ್ ಹೊತ್ತಿಗೆ ಅದೇ ದೇಶದ 11 ರಾಜ್ಯಗಳಲ್ಲಿ 22 ಮಂದಿ ನಕಲಿ ಅಥವಾ ಅರ್ಹರಲ್ಲದವರ ಚುಚ್ಚುಮದ್ದಿನಿಂದ ಕಾಯಿಲೆ ಬಿದ್ದರು, ಅವರಲ್ಲಿ 11 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರಲ್ಲಿ ಬಹಳಷ್ಟು ಮಂದಿ ಚುಚ್ಚಿಸಿಕೊಂಡದ್ದು ಮನೆಯಲ್ಲಿ ಅಥವಾ ಸ್ಪಾಗಳಲ್ಲಿ.

ಇನ್ನೊಂದು ಸೂಕ್ಷ್ಮ. ಬೊಟಾಕ್ಸಿನ ಒಂದು ಯೂನಿಟ್ಟೂ, ಬೇರೆ ಕಂಪನಿಯ ಇದೇ ಬಗೆಯ ಔಷಧವಾದ ಡಿಸ್ಪೋರ್ಟಿನ ಒಂದು ಯೂನಿಟ್ಟೂ ಸಮವಲ್ಲ. ಇಷ್ಟು ಯೂನಿಟ್ ಹಾಕಿದೆವು ಎಂಬ ಮಾತಿಗೆ ಕಂಪನಿಯ ಹೆಸರಿಲ್ಲದೆ ಅರ್ಥವೇ ಇಲ್ಲ. ಒಂದೇ ದರಕ್ಕೆ ಮೂರು ಜಾಗ ಎನ್ನುವವರು ಎಷ್ಟು ಸಲೈನ್ ಬೆರೆಸುತ್ತಾರೋ ಎಂಬ ಅನುಮಾನ ನನಗಂತೂ ಬರುತ್ತದೆ. ಸೀಸೆಯನ್ನು ನಿಮ್ಮ ಕಣ್ಣೆದುರು ತೆರೆಯಲಿ, ಬ್ಯಾಚ್ ಸಂಖ್ಯೆಯೂ ಅವಧಿ ಮುಗಿಯುವ ದಿನಾಂಕವೂ ಬಿಲ್ಲಿನಲ್ಲಿ ಬರಲಿ.

ಉತ್ತರ 3: ಕಲಬುರಗಿಯ ಬ್ಯಾಂಕ್ ಉದ್ಯೋಗಿ

ನಾನು ಎರಡು ಸಲ ಹಾಕಿಸಿಕೊಂಡಿದ್ದೇನೆ. ಮೊದಲ ಸಲ ಬೇರೆ ಊರಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ. ಚುಚ್ಚಿದವರು ನನ್ನನ್ನು ಹುಬ್ಬು ಗಂಟಿಕ್ಕಲು ಹೇಳಲೂ ಇಲ್ಲ, ಗುರುತು ಹಾಕಲೂ ಇಲ್ಲ. ಮುಗಿದ ಮೇಲೆ ಸಹಾಯಕಿ ಹಣೆಯನ್ನು ಚೆನ್ನಾಗಿ ತಿಕ್ಕಿದರು. ಆರನೆಯ ದಿನ ಬಲಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿಯಿತು. ಫೋನ್ ಮಾಡಿದರೆ ತಾನಾಗಿಯೇ ಹೋಗುತ್ತದೆ ಎಂದರು. ಹೋಯಿತು, ಆದರೆ ಐದು ವಾರ ಬೇಕಾಯಿತು. ಅಷ್ಟು ದಿನ ಕೌಂಟರಿನಲ್ಲಿ ಕೂತು ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸಿದ ಕಷ್ಟ ನನಗೇ ಗೊತ್ತು. ಎರಡನೆಯ ಸಲ ಹೋದ ಚರ್ಮವೈದ್ಯೆ ಹತ್ತು ನಿಮಿಷ ಮುಖವನ್ನು ಆಡಿಸಿ ನೋಡಿ, ಪೆನ್ಸಿಲಿನಲ್ಲಿ ಗುರುತು ಹಾಕಿದರು. ಹುಬ್ಬಿನ ಹೊರಭಾಗದ ಚುಚ್ಚು ಹುಬ್ಬುಮೂಳೆಯ ಅಂಚಿಗಿಂತ ಕನಿಷ್ಠ ಒಂದು ಸೆಂಟಿಮೀಟರ್ ಮೇಲಿರಬೇಕು, ಕೆಳಗೆ ಹೋದರೆ ಔಷಧ ರೆಪ್ಪೆ ಎತ್ತುವ ಸ್ನಾಯುವಿಗೆ ಇಳಿಯುತ್ತದೆ ಎಂದು ವಿವರಿಸಿದರು. ಅಂದು ಮುಖ ತಿಕ್ಕಬೇಡಿ, ಕೆಲವು ಗಂಟೆ ಮಲಗಬೇಡಿ ಎಂದರು. ರೆಪ್ಪೆ ಜೋತರೆ ತಾತ್ಕಾಲಿಕವಾಗಿ ಎತ್ತಲು ಕಣ್ಣಿಗೆ ಬಿಡುವ ಹನಿಗಳಿವೆ ಎಂಬುದೂ ಆಗಲೇ ತಿಳಿದದ್ದು. ಈ ಸಲ ಏನೂ ತೊಂದರೆಯಾಗಲಿಲ್ಲ.

ಉತ್ತರ 4: ಸೇಡಂನ ಕನ್ನಡಕದ ಅಂಗಡಿಯವರು

ಶಿಕ್ಷಕಿಯವರು 47 ವರ್ಷ ಎಂದಿದ್ದಾರೆ, ದಿನವೂ ಉತ್ತರ ಪತ್ರಿಕೆ ತಿದ್ದುತ್ತಾರೆ. ಕನ್ನಡಕ ಪರೀಕ್ಷಿಸಿ ಎಷ್ಟು ದಿನವಾಯಿತು? ಹತ್ತಿರದ ಅಕ್ಷರ ಮಸುಕಾದವರು ತಮಗರಿವಿಲ್ಲದೆ ಹುಬ್ಬು ಬಿಗಿಯುತ್ತಾರೆ. ತೊಗರಿ ಹೊಲದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ದುಡಿಯುವವರ ಕಣ್ಣಂಚು ನೋಡಿದರೆ ಇದು ಅರ್ಥವಾಗುತ್ತದೆ. ಚುಚ್ಚಿಸಿಕೊಂಡರೂ ಬಿಟ್ಟರೂ ಕಣ್ಣು ತೋರಿಸಿ.

ಮರುಪ್ರಶ್ನೆ: ಕಲಬುರಗಿಯ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಪಾರ್ಲರಿಗೆ ಹೋಗಿ ಕಂಪನಿಯ ಹೆಸರು ಕೇಳಿದೆ. “ಫಾರಿನ್ ಮಾಲು ಮೇಡಂ” ಎಂದರು. ಸೀಸೆ ತೋರಿಸಿ ಎಂದರೆ, ಅವರು ಸಿರಿಂಜಿನಲ್ಲಿ ತುಂಬಿಸಿಕೊಂಡೇ ಬರುತ್ತಾರೆ ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ಕನ್ನಡಕದ ನಂಬರೂ ಬದಲಾಗಿದೆ.

ಈಗ ಬೇರೆಯೇ ಒಂದು ಪ್ರಶ್ನೆ. ವೈದ್ಯರು ತಾನಾಗಿಯೇ ಮುಚ್ಚಿಕೊಳ್ಳುವ ರೆಪ್ಪೆಗಳ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ನಮ್ಮ ಅತ್ತೆಗೆ 68 ವರ್ಷ. ಮೂರು ವರ್ಷಗಳಿಂದ ಎರಡೂ ಕಣ್ಣುಗಳು ಪಟಪಟನೆ ಬಡಿದುಕೊಂಡು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಬಿಸಿಲಿಗೆ ಹೋದರೆ ಇನ್ನೂ ಹೆಚ್ಚು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವಾಗ ಬೆರಳಿನಿಂದ ರೆಪ್ಪೆ ಎತ್ತಿಕೊಂಡು ನೋಡಿದರು. ವಯಸ್ಸಿನ ದೋಷವೆಂದು ಸುಮ್ಮನಿದ್ದೆವು. ಇದು ಅದೇ ಕಾಯಿಲೆಯೇ?

ಉತ್ತರ 5: ಬೀದರಿನ ಚರ್ಮವೈದ್ಯ

ನೋಡದೆ ಹೇಳಲಾಗದು, ಆದರೆ ನೀವು ಬರೆದದ್ದು ಬ್ಲೆಫರೋಸ್ಪ್ಯಾಸಮ್ ಎಂಬ ಕಾಯಿಲೆಗೆ ಬಹಳ ಹತ್ತಿರವಾಗಿದೆ. ಬಿಸಿಲಿಗೆ ಹೆಚ್ಚಾಗುವುದೂ ಅದರ ಲಕ್ಷಣವೇ. ಕಣ್ಣು ಒಣಗುವುದು, ರೆಪ್ಪೆಯ ಅಂಚಿನ ಸೋಂಕು ಮುಂತಾದವುಗಳಿಂದಲೂ ಹೀಗಾಗಬಹುದಾದ್ದರಿಂದ ಮೊದಲು ನಿಮ್ಮೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಅಥವಾ ಬೇರೆ ಯಾವುದಾದರೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ತೋರಿಸಿ. ರೆಪ್ಪೆ ಬಡಿದುಕೊಳ್ಳುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ಏಕೆಂದರೆ ವೈದ್ಯರೆದುರು ಕೂತಾಗ ಅದು ಎಷ್ಟೋ ಸಲ ತಾನಾಗಿ ನಿಂತುಬಿಡುತ್ತದೆ. ಕಾಯಿಲೆ ಅದೇ ಎಂದಾದರೆ, ರೆಪ್ಪೆಯ ಸುತ್ತ ಇದೇ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಸುಮಾರು ಮೂರು ತಿಂಗಳಿಗೊಮ್ಮೆ ಚುಚ್ಚುವುದೇ ಅದರ ಮುಖ್ಯ ಚಿಕಿತ್ಸೆ.

ನಿಮ್ಮ ಗೆರೆಗೆ ಮನಸ್ಸು ಮಾಡಿದರೆ, ಮದುವೆಗೆ ಮೂರು ನಾಲ್ಕು ವಾರ ಮೊದಲೇ ಹಾಕಿಸಿಕೊಳ್ಳಿ. ಕೊನೆಯ ವಾರದಲ್ಲಿ ಬೇಡ.

ಮರುಮಾತು: ಕಲಬುರಗಿಯ ಶಿಕ್ಷಕಿ

ಸೋಮವಾರ ಶಾಲೆಗೆ ರಜೆ ಹಾಕಿದ್ದೇನೆ, ಅತ್ತೆಯವರನ್ನು ಕರೆದುಕೊಂಡು ಹೋಗುತ್ತೇನೆ. ನನ್ನದನ್ನು ಆಮೇಲೆ ನೋಡುತ್ತೇನೆ.