ಜಪಾನಿನಲ್ಲಿ ಪೈಲಟ್ ಕೆಲಸ: ಹೋಗಿ ಬಂದವರು ಸ್ವಲ್ಪ ಹೇಳಿ

ಜಕ್ಕೂರು ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 31. ಎ320 ವಿಮಾನದಲ್ಲಿ ಬಲಸೀಟು, ಅಂದರೆ ಸಹ ಪೈಲಟ್ (ಫಸ್ಟ್ ಆಫೀಸರ್), 3,100 ಗಂಟೆ ಹಾರಿಸಿ ಆಗಿದೆ. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್, ಎಟಿಪಿಎಲ್, ಹೋದ ವರ್ಷ ಕೈಗೆ ಬಂತು. ಕಮಾಂಡ್, ಅಂದರೆ ಕ್ಯಾಪ್ಟನ್ ಆಗುವ ಸರದಿಗೆ ಇನ್ನೂ ಎರಡು ವರ್ಷ ಅನ್ನುತ್ತಾರೆ. ಎರಡು ವರ್ಷದ ಹಿಂದೆಯೂ ಅದನ್ನೇ ಅಂದಿದ್ದರು. ಮೊನ್ನೆ ಒಬ್ಬ ಏಜೆಂಟ್ ಫೋನ್ ಮಾಡಿ, ಜಪಾನಿನಲ್ಲಿ ಪೈಲಟ್‌ಗಳೇ ಸಿಗುತ್ತಿಲ್ಲ, ಈಗಲೇ ಅರ್ಜಿ ಹಾಕು ಅಂದ. ನನ್ನ ಪ್ರಶ್ನೆ ಮೂರೇ. ಫಸ್ಟ್ ಆಫೀಸರ್ ಆಗಿ ನಮ್ಮಂಥವರನ್ನು ತೆಗೆದುಕೊಳ್ಳುತ್ತಾರಾ? ಜಪಾನಿ ಭಾಷೆ ಕಲಿಯಲೇಬೇಕಾ? ಹೆಂಡತಿಗೆ ಬೆಂಗಳೂರಲ್ಲೇ ಕೆಲಸ, ಮಗಳಿಗೆ ಎರಡು ವರ್ಷ, ತಿಂಗಳಿಗೊಮ್ಮೆ ಮನೆಗೆ ಬಂದು ಹೋಗುವ ರೋಸ್ಟರ್ ಸಿಗುತ್ತಾ?

ನರಿತಾ ನಿವೃತ್ತ

ನಾನು 2013ರಲ್ಲಿ ಹೋದೆ. 737ರ ಕ್ಯಾಪ್ಟನ್. ಇಲ್ಲಿ ನಾನಿದ್ದ ಕಂಪನಿ ಸಂಬಳ ಕೊಡದೆ ಏಳು ತಿಂಗಳಾಗಿತ್ತು, ಹಾಗಾಗಿ ಯೋಚನೆ ಮಾಡುವ ಪ್ರಶ್ನೆಯೇ ಇರಲಿಲ್ಲ.

ಮೊದಲು ಮೆಡಿಕಲ್ ಬಗ್ಗೆ ಕೇಳಿ. ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎಯ ಕ್ಲಾಸ್ 1 ಮೆಡಿಕಲ್ ಅಲ್ಲಿ ಲೆಕ್ಕಕ್ಕಿಲ್ಲ, ಜಪಾನಿನ ವಿಮಾನಯಾನ ಇಲಾಖೆ ಜೆಸಿಎಬಿಯದ್ದು ಬೇರೆ ಮಾಡಿಸಬೇಕು. ಓಲ್ಡ್ ಏರ್‌ಪೋರ್ಟ್ ರೋಡಿನ ವಾಯುಪಡೆಯ ಮೆಡಿಕಲ್ ಸಂಸ್ಥೆ ಐಎಎಮ್‌ನಲ್ಲಿ ಪಾಸಾಗಿ ಬಂದವನು ನಾನು, ಇದೇನು ಮಹಾ ಅಂದುಕೊಂಡಿದ್ದೆ. ತಲೆಗೆ ವೈರು ಅಂಟಿಸಿ ಇಇಜಿ ತೆಗೆದರು, ಟ್ರೆಡ್‌ಮಿಲ್ ಮೇಲೆ ಓಡಿಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು. ಕಣ್ಣು ನೋಡುವುದಕ್ಕೇ ಒಂದು ಬೆಳಗ್ಗೆ ಪೂರ್ತಿ ಹೋಯಿತು. ಹೋಗುವ ಮುಂಚೆ ಮೂರು ತಿಂಗಳು ಎಣ್ಣೆ, ಸಿಹಿ ಮುಟ್ಟಿರಲಿಲ್ಲ. ನಾದಿನಿಯ ಮನೆ ಗೃಹಪ್ರವೇಶದಲ್ಲಿ ಹೋಳಿಗೆ ಎಲೆಗೆ ಬಡಿಸಿದರೆ ಪಕ್ಕದವರ ಎಲೆಗೆ ದಾಟಿಸಿದೆ. ಇಷ್ಟು ಮಾಡಿದರೂ ಟ್ರೈಗ್ಲಿಸರೈಡ್ ಒಂದು ಜಾಸ್ತಿ ಬಂತು. ಮತ್ತೆ ರಕ್ತ ಕೊಡುವುದಕ್ಕೆ ಒಂಬತ್ತು ರಾತ್ರಿ ಹೋಟೆಲಿನಲ್ಲಿ ಕಾದೆ, ಖರ್ಚು ನನ್ನದೇ. ಆ ಒಂಬತ್ತು ದಿನ ಬೇಯಿಸಿದ ತರಕಾರಿ, ಅನ್ನ ಬಿಟ್ಟು ಬೇರೆ ತಿಂದಿಲ್ಲ.

ಅದಾದ ಮೇಲೆ ಟ್ರೇನಿಂಗ್. ಒಂಬತ್ತು ತಿಂಗಳು! ಹನ್ನೆರಡು ವರ್ಷ ಅದೇ ವಿಮಾನ ಹಾರಿಸಿದವನಿಗೆ. ಏರ್ ಲಾ ಪರೀಕ್ಷೆ, ಸಿಮ್ಯುಲೇಟರ್, ಓರಲ್ (ಬಾಯಿ ಪರೀಕ್ಷೆ), ಪ್ರಯಾಣಿಕರ ಹಾರಾಟದಲ್ಲೇ ಲೈನ್ ಟ್ರೇನಿಂಗ್, ಕೊನೆಗೆ ಅಂಥ ಹಾರಾಟದಲ್ಲೇ ಪರೀಕ್ಷೆ, ರೂಟ್ ಚೆಕ್. ಓರಲ್‌ನಲ್ಲಿ ಪರೀಕ್ಷಕರ ಮುಂದೆ ಬಣ್ಣಬಣ್ಣದ ಚೀಟಿ ಅಂಟಿಸಿದ ಮ್ಯಾನ್ಯುಯಲ್ ಇತ್ತು. ನಾನು ಉತ್ತರ ಹೇಳಿದಾಗೆಲ್ಲ ಅವರು ಆ ಪುಟ ತೆಗೆದು, ಸ್ಕೇಲ್ ಇಟ್ಟು, ಸಾಲು ಸಾಲಾಗಿ ನೋಡುತ್ತಿದ್ದರು. ಅರ್ಥ ಸರಿಯಿದ್ದರೆ ಸಾಲದು, ಮಾತೂ ಅದೇ ಇರಬೇಕು. ಒಂದು ಸಲ ಟೇಕಾಫ್‌ನಲ್ಲಿ ವಿಮಾನ ಮೇಲೇರುತ್ತಿದೆ ಅಂತ ತಿಳಿಸಲು "ಪಾಸಿಟಿವ್ ರೇಟ್" ಅನ್ನಬೇಕಾದ ಕಡೆ "ಪಾಸಿಟಿವ್ ಕ್ಲೈಂಬ್" ಅಂದುಬಿಟ್ಟೆ. ಡಿಬ್ರೀಫಿಂಗ್‌ನಲ್ಲಿ ಆ ಒಂದು ಪದಕ್ಕೆ ಇಪ್ಪತ್ತು ನಿಮಿಷ.

ಎರಡು ವರ್ಷ ಹಾರಿಸಿದೆ. ಆಮೇಲೆ ಕಂಪನಿ ಕೈ ಎತ್ತಿತು, ಕಾಂಟ್ರ್ಯಾಕ್ಟ್‌ನವರಿಗೆ ಮೊದಲು ಪತ್ರ ಬಂತು. ಆದರೂ ಹೇಳುತ್ತೇನೆ, ನಾನು ಇವತ್ತು ಹಾರಿಸುವ ರೀತಿ ಅಲ್ಲಿ ಕಲಿತದ್ದು. ಇನ್ನೊಮ್ಮೆ ಕರೆದರೆ ಇನ್ನೊಮ್ಮೆ ಹೋಗುತ್ತೇನೆ.

ಹೊನ್ನಾವರ ಭಟ್ಟ

ನಿಮಗೆ ಸಿಕ್ಕಿತು, ನೀವು ಹೇಳುತ್ತೀರಿ. ಸಿಗದವರ ಲೆಕ್ಕವನ್ನೂ ಕೇಳಲಿ ಹುಡುಗ.

ನಾನೂ ಎ320, ಕಮಾಂಡ್‌ನಲ್ಲಿ 900 ಗಂಟೆ ಇತ್ತು. ಎರಡು ಸಲ ಹೋದೆ. ಮೊದಲ ಸಲ ಇಸಿಜಿಯಲ್ಲಿ ಎರಡು ಬಡಿತ ಹೆಚ್ಚು ಬಂತು ಅಂತ ಎದೆಬಡಿತ ದಾಖಲಿಸುವ ಪೆಟ್ಟಿಗೆ, ಹೋಲ್ಟರ್, ಕಟ್ಟಿ 24 ಗಂಟೆ ಬಿಟ್ಟರು. ಯಾರಿಗೆ ಬರುವುದಿಲ್ಲ ಹೇಳಿ, ಕೆಲಸ ಸಿಗುತ್ತೋ ಇಲ್ಲವೋ ಅಂತ ಅಪರಿಚಿತ ಊರಿನಲ್ಲಿ ಎದೆಗೆ ಪೆಟ್ಟಿಗೆ ಕಟ್ಟಿಕೊಂಡು ಮಲಗಿದವನಿಗೆ ಎರಡಲ್ಲ, ಇನ್ನೂರು ಬಡಿತ ಹೆಚ್ಚು ಬರುತ್ತದೆ. ಊರಿಗೆ ಬಂದು ಬೆಂಗಳೂರಿನ ಹೃದಯ ತಜ್ಞರಿಗೆ ತೋರಿಸಿದೆ. ಏನೂ ಇಲ್ಲ, ಕಾಫಿ ಕಮ್ಮಿ ಮಾಡಿ ಅಂದರು. ಎರಡನೇ ಸಲ ಮೆಡಿಕಲ್ ಪಾಸು, ಸಿಮ್ಯುಲೇಟರ್ ಸರಿಯಾಗೇ ಆಯಿತು, ಸಂದರ್ಶನದಲ್ಲಿ ನಗುನಗುತ್ತಾ ಮಾತಾಡಿದರು. ಹನ್ನೊಂದು ದಿನದ ಮೇಲೆ ಮೂರು ಸಾಲಿನ ಇಮೇಲ್. ಕಾರಣ ಇಲ್ಲ.

ಬರೆದುಕೊಳ್ಳಿ. ಸಿಮ್ಯುಲೇಟರ್ ಅಭ್ಯಾಸ 1,10,000. ಎರಡು ಸಲದ ಟಿಕೆಟ್ 1,36,000. ಹೋಟೆಲ್ 84,000. ಲೈಸೆನ್ಸ್ ವೆರಿಫಿಕೇಶನ್, ನೋಟರಿ, ಕೊರಿಯರ್ ಎಲ್ಲ ಸೇರಿ 31,400. ಸಂಬಳವಿಲ್ಲದ ರಜೆ 1,75,000. ಒಟ್ಟು 5,36,400 ರೂಪಾಯಿ. ದೇವನಹಳ್ಳಿಗೆ ಟ್ಯಾಕ್ಸಿ ಇದರಲ್ಲಿ ಸೇರಿಲ್ಲ. ಏಜೆಂಟ್ ಇವತ್ತಿಗೂ ಹೊಸ ವರ್ಷಕ್ಕೆ ಶುಭಾಶಯ ಕಳಿಸುತ್ತಾನೆ.

ಹುಬ್ಬಳ್ಳಿ ಕಾಕಾ

ಭಟ್ಟರೇ, ಓದಿಕೊಂಡು ಹೋಗಬೇಕಿತ್ತು. ನಾನು 2004ರಲ್ಲಿ ಜಂಬೋ ಹಾರಿಸಲು ಹೋದವನು, 747-400. ಆಗ ಏಜೆನ್ಸಿಗಳು ಡಾಲರ್‌ನಲ್ಲಿ ಸಂಬಳ ಕೊಡುತ್ತಿದ್ದವು, ರಜೆಗೆ ಬಿಸಿನೆಸ್ ಕ್ಲಾಸ್ ಟಿಕೆಟ್. ಟೋಕಿಯೊ ಹತ್ತಿರದ ನರಿತಾದಿಂದ ಅಲಾಸ್ಕಾದ ಆಂಕರೇಜ್, ಆಂಕರೇಜ್‌ನಲ್ಲಿ ಹಿಮದ ಮಧ್ಯೆ ಎರಡು ದಿನ, ಮತ್ತೆ ಮುಂದಕ್ಕೆ. ನಾನು ಆರು ತಿಂಗಳು ಬೆಳಗ್ಗೆ ನಾಲ್ಕಕ್ಕೆ ಎದ್ದು ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಮಾಡಿದ್ದೆ. ಹೆಂಡತಿ ಮ್ಯಾನ್ಯುಯಲ್ ಹಿಡಿದು ಪ್ರಶ್ನೆ ಕೇಳುತ್ತಿದ್ದಳು. ಅವಳಿಗೇ ಹೈಡ್ರಾಲಿಕ್ಸ್ ಪೂರ್ತಿ ಬಂದುಬಿಟ್ಟಿತ್ತು.

2010ರ ಜನವರಿಯಲ್ಲಿ ಜಪಾನ್ ಏರ್‌ಲೈನ್ಸ್ ದಿವಾಳಿ ಅರ್ಜಿ ಹಾಕಿದಾಗ ಪರದೇಶದ ಕಾಂಟ್ರ್ಯಾಕ್ಟ್ ಪೈಲಟ್‌ಗಳು ಹೊರಗೆ ಬಿದ್ದರು. ನಾನಿದ್ದದ್ದು ಬೇರೆ ಕಡೆ, ಉಳಿದುಕೊಂಡೆ. 2015ರಲ್ಲಿ ವಯಸ್ಸಿನ ಮಿತಿಯನ್ನು 68 ತುಂಬುವ ತನಕ ಅಂತ ಏರಿಸಿದರು. 66ರವರೆಗೆ ಹಾರಿಸಿ, ನಾನಾಗೇ ಬಿಟ್ಟು ಬಂದೆ. ಧಾರವಾಡದ ಮನೆ ಕಟ್ಟಿದ್ದು ಆ ದುಡ್ಡಿನಲ್ಲೇ. ಕಷ್ಟ ಪಟ್ಟವರಿಗೆ ಸಿಗುತ್ತದೆ, ತಮ್ಮಾ.

ಹೊನ್ನಾವರ ಭಟ್ಟ

ಕಾಕಾ, ನಾನು ಓದಿಲ್ಲ ಅಂತ ನಿಮಗೆ ಯಾರು ಹೇಳಿದರು? ನಿಮ್ಮ ಕಾಲದಲ್ಲಿ ಒಂದು ಡಾಲರ್ ನೋಡಿದರೆ ಜನ ತಿರುಗಿ ನೋಡುತ್ತಿದ್ದರು. ಈಗ ಬಂದು ಕೂತು ಒಂದು ಸಲ ಪರೀಕ್ಷೆ ಕೊಡಿ, ಆಮೇಲೆ ಮಗ್ಗಿ ಕಥೆ ಹೇಳಿ.

ಫುಕುವೋಕಾ ಸೊಸೆ

ನಾನು ಪೈಲಟ್ ಅಲ್ಲ, ಪೈಲಟ್ ಹೆಂಡತಿ. ಗಂಡಸರೆಲ್ಲ ಸಿಮ್ಯುಲೇಟರ್ ಸಿಮ್ಯುಲೇಟರ್ ಅನ್ನುತ್ತಿದ್ದೀರಿ, ಮನೆ ನಡೆಸಿದ್ದು ಯಾರು ಅಂತ ಯಾರೂ ಬರೆಯಲಿಲ್ಲ.

ನಮ್ಮ ಯಜಮಾನರು ಸಂಬಳ ಯೆನ್‌ನಲ್ಲಿ ಒಪ್ಪಿಕೊಂಡು ಸಹಿ ಹಾಕಿದರು. 2012ರಲ್ಲಿ ಒಂದು ಡಾಲರ್‌ಗೆ 80 ಯೆನ್ ಆಸುಪಾಸು ಇತ್ತಂತೆ, 2024ರ ಜುಲೈನಲ್ಲಿ 160 ದಾಟಿತು. ಸಂಬಳದ ಚೀಟಿಯಲ್ಲಿ ಅಂಕಿ ಅಷ್ಟೇ, ಮೈಸೂರಿನ ಸಾಲದ ಕಂತು ಮಾತ್ರ ರೂಪಾಯಿಯಲ್ಲಿ. ಆಮೇಲೆ ಊರ ತೆರಿಗೆ ಅಂತ ಒಂದಿದೆ, ಜೂಮಿನ್‌ಝೇ. ಜನವರಿ 1ಕ್ಕೆ ಯಾವ ಊರಿನಲ್ಲಿ ಇದ್ದೀರೋ ಆ ಊರಿನವರು ಹಿಂದಿನ ವರ್ಷದ ಆದಾಯದ ಮೇಲೆ ಹಾಕುತ್ತಾರೆ, ಸುಮಾರು ಹತ್ತು ಪರ್ಸೆಂಟ್. ಮೊದಲ ವರ್ಷ ಬರಲಿಲ್ಲ, ಖುಷಿಯಲ್ಲಿ ಸೋಫಾ ತಗೊಂಡೆವು. ಎರಡನೇ ವರ್ಷ ಜೂನ್‌ನಲ್ಲಿ ಲಕೋಟೆ ಬಂತು. ನಾಲ್ಕು ಕಂತಿನ ಚೀಟಿ. ನಾನು ಅದನ್ನು ನೀರಿನ ಬಿಲ್ ಅಂದುಕೊಂಡು ಫ್ರಿಜ್ ಮೇಲೆ ಇಟ್ಟಿದ್ದೆ.

ಮನೆ ಬಾಡಿಗೆಗೆ ಹಿಡಿಯುವಾಗ ಮನೆಯವರಿಗೆ ರೇಕಿನ್ ಅಂತ ಕೊಡಬೇಕು. ಅದು ಅಡ್ವಾನ್ಸ್ ಅಲ್ಲ, ವಾಪಸ್ ಬರುವುದಿಲ್ಲ. ಎರಡು ತಿಂಗಳ ಬಾಡಿಗೆ ಸುಮ್ನೆ ಕೈಮುಗಿದು ಕೊಟ್ಟು ಬಂದೆವು. ಫುಕುವೋಕಾ ಏರ್‌ಪೋರ್ಟ್ ರಾತ್ರಿ 10ಕ್ಕೆ ಮುಚ್ಚುತ್ತದೆ. ಒಂದು ದಿನ ಸ್ವಲ್ಪ ತಡವಾಗಿ ಹತ್ತಿರದ ಇನ್ನೊಂದು ಏರ್‌ಪೋರ್ಟ್ ಕಿಟಾಕ್ಯೂಶೂಗೆ ಇಳಿಸಿ, ಅಲ್ಲಿಂದ ಬಸ್ಸಿನಲ್ಲಿ ಮನೆಗೆ ಬಂದಾಗ ಎರಡು ಗಂಟೆ. ಮಗು ಆಗಷ್ಟೇ ಮಲಗಿತ್ತು, ಎದ್ದಿತು.

ಇನ್ನೊಂದು, ಊದುವ ಯಂತ್ರ. 2018ರ ಕೊನೆಗೆ ಲಂಡನ್‌ನಲ್ಲಿ ಒಬ್ಬ ಜಪಾನಿ ಪೈಲಟ್ ಕುಡಿದು ಸಿಕ್ಕಿಬಿದ್ದ ಮೇಲೆ, 2019ರಿಂದ ಹಾರಾಟದ ಮುಂಚೆಯೂ ಆಮೇಲೆಯೂ ಊದಲೇಬೇಕು. ನಮ್ಮವರು ಕುಡಿಯುವುದೇ ಇಲ್ಲ. ಆದರೂ ಮನೆಯಲ್ಲಿ ಒಂದು ಸಣ್ಣ ಯಂತ್ರ ತಂದಿಟ್ಟುಕೊಂಡಿದ್ದರು. ಒಂದು ಬೆಳಗ್ಗೆ ನಾಲ್ಕು ಸೆಟ್ ದೋಸೆ ತಿಂದು ಊದಿದರು, ಸೊನ್ನೆ ಬರಲಿಲ್ಲ! ಮುಖ ಬಿಳಿಚಿಕೊಂಡಿತು. ಬಾಯಿ ಮುಕ್ಕಳಿಸಿ ಕಾಲು ಗಂಟೆ ಬಿಟ್ಟು ಊದಿದರೆ ಸೊನ್ನೆ. ಅವತ್ತಿನಿಂದ ಡ್ಯೂಟಿ ದಿನ ಉಪ್ಪಿಟ್ಟು ಮಾತ್ರ.

ಹುಬ್ಬಳ್ಳಿ ಕಾಕಾ

ದೋಸೆ ತಿಂದರೆ ಆಲ್ಕೋಹಾಲ್ ತೋರಿಸುತ್ತಾ? ಕಥೆ ಕಟ್ಟಬೇಡಮ್ಮಾ. ನಾನು ನರಿತಾದ ರೂಮಿನಲ್ಲಿ ಹನ್ನೆರಡು ವರ್ಷ ಇಡ್ಲಿ ಬೇಯಿಸಿ ತಿಂದು ಹಾರಿಸಿದ್ದೇನೆ.

ಫುಕುವೋಕಾ ಸೊಸೆ

ನೀವೇ ಲೆಕ್ಕ ಹಾಕಿ ಕಾಕಾ, 2004ಕ್ಕೆ ಹನ್ನೆರಡು ಸೇರಿಸಿದರೆ 2016. ನಿಮ್ಮನ್ನು ಯಾರು ಊದಿಸಿದರು? ಹುಳಿ ಬಂದ ಹಿಟ್ಟು, ಬ್ರೆಡ್ಡು, ಮೌತ್‌ವಾಶ್ ಎಲ್ಲಕ್ಕೂ ಬಾಯಲ್ಲಿ ಸ್ವಲ್ಪ ಹೊತ್ತು ತೋರಿಸುತ್ತದೆ. ಕಂಪನಿಯವರೇ ಬ್ರೆಡ್ ತಿಂದು ತಕ್ಷಣ ಊದಬೇಡಿ ಅಂತ ಹೇಳುತ್ತಾರೆ.

ಹೊನ್ನಾವರ ಭಟ್ಟ

ನಮ್ಮ ಕಡೆ ನೀರುದೋಸೆ. ಹುಳಿಯೇ ಬರಿಸುವುದಿಲ್ಲ. ಇದೊಂದರಲ್ಲಾದರೂ ನಾನು ಪಾಸಾಗುತ್ತಿದ್ದೆ.

ಎಡಸೀಟು ರಾಯ

ದೋಸೆ ಬಿಡಿ ಮಾರಾಯರೇ. ಹುಡುಗ ಕೇಳಿದ್ದು ಫಸ್ಟ್ ಆಫೀಸರ್ ಬಗ್ಗೆ, ಒಬ್ಬರಾದರೂ ಉತ್ತರ ಕೊಟ್ಟಿರಾ?

ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ವೀಸಾ ತೊಂದರೆ ಅಲ್ಲ. ಹಿಂದೆ 1,000 ಗಂಟೆ ಬೇಕಿತ್ತು, ಅದನ್ನು 250ಕ್ಕೆ ಇಳಿಸಿದ್ದಾರೆ. ತೊಂದರೆ ಇರುವುದು ಬೇರೆ ಕಡೆ. ಬಲಸೀಟಿಗೆ ಅವರು ತಮ್ಮದೇ ಹುಡುಗರನ್ನು ತಯಾರು ಮಾಡುತ್ತಾರೆ. ಹೊರಗಿನವರನ್ನು ಕರೆಯುವುದು ಹೆಚ್ಚಾಗಿ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಇರುವ ಕ್ಯಾಪ್ಟನ್‌ಗಳನ್ನು, ಅದೂ ಆ ವಿಮಾನದಲ್ಲಿ ಕಮಾಂಡ್ ಗಂಟೆ ಇರುವವರನ್ನು. ಫಸ್ಟ್ ಆಫೀಸರ್ ಜಾಹೀರಾತು ಬಂದರೂ ಕೆಳಗೆ ಸಣ್ಣದಾಗಿ ಜಪಾನಿ ಮಾತಾಡಲು ಬರಬೇಕು, ಅಲ್ಲಿ ಇರಲು ಹಕ್ಕಿರಬೇಕು ಅಂತ ಇರುತ್ತದೆ. ಕ್ಯಾಪ್ಟನ್ ಆಗಿ ಹೋದರೆ ಭಾಷೆ ಬೇಡ, ರೇಡಿಯೋದಲ್ಲಿ ಇಂಗ್ಲಿಷೇ ನಡೆಯುತ್ತದೆ. ಕ್ಯಾಬಿನ್ ಹುಡುಗಿಯರ ಜೊತೆ ಮಾತಿಗೆ ನಾಲ್ಕು ಪದ ಕಲಿತರೆ ಸಾಕು. ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ. 2030ರ ಹೊತ್ತಿಗೆ ಒಂದು ತಲೆಮಾರಿನ ಕ್ಯಾಪ್ಟನ್‌ಗಳು ಒಟ್ಟಿಗೆ ನಿವೃತ್ತಿ ಆಗುತ್ತಾರೆ ಅಂತ ಅಲ್ಲಿ ಎಷ್ಟೋ ವರ್ಷದಿಂದ ಮಾತು ನಡೆಯುತ್ತಿದೆ. 2014ರಲ್ಲೇ ಪೀಚ್ ಕಂಪನಿ ಕ್ಯಾಪ್ಟನ್‌ಗಳು ಸಾಲದೆ ಎರಡು ಸಾವಿರದಷ್ಟು ಹಾರಾಟ ರದ್ದು ಮಾಡಬೇಕಾಯಿತು. ಸಿಗುತ್ತಿಲ್ಲ ಅನ್ನುವುದು ಕ್ಯಾಪ್ಟನ್‌ಗಳು ಮಾತ್ರ.

ಹಾಗಾಗಿ ಇಲ್ಲೇ ಕಮಾಂಡ್ ತಗೊಂಡು ಒಂದು ಸಾವಿರ ಗಂಟೆ ಮಾಡಿ ಹೋಗು. ನಾನು ಮಾಡಿದ್ದು ಅದನ್ನೇ.

ನರಿತಾ ನಿವೃತ್ತ

ರಾಯರೇ, ನೋಟಿಸ್ ಪೀರಿಯಡ್ ಮರೆತಿರಿ. ಡಿಜಿಸಿಎ 2017ರಲ್ಲಿ ಮಾಡಿದ ನಿಯಮ ನೆನಪಿದೆಯಾ? ಫಸ್ಟ್ ಆಫೀಸರ್‌ಗೆ ಆರು ತಿಂಗಳು, ಕಮಾಂಡರ್‌ಗೆ ಒಂದು ವರ್ಷ. ಕಮಾಂಡ್ ಬಂದ ಮೇಲೆ ಜಪಾನಿನವರು ಸೋಮವಾರ ಬಾ ಅಂದರೆ ಇವನು ಮುಂದಿನ ವರ್ಷದ ಸೋಮವಾರ ಹೋಗಬೇಕು.

ಎಡಸೀಟು ರಾಯ

ಮರೆತಿಲ್ಲ. ನಾನು ಆ ಒಂದು ವರ್ಷ ಪೂರ್ತಿ ಮಾಡಿಯೇ ಹೋದೆ. ಅವರು ಕಾದರು. ಎಲ್ಲರಿಗೂ ನಿಮ್ಮ ಹಾಗೆ ಬೆಂಕಿ ಬಿದ್ದಿರುವುದಿಲ್ಲ.

ನರಿತಾ ನಿವೃತ್ತ

ಏಳು ತಿಂಗಳು ಸಂಬಳವಿಲ್ಲದೆ ಮಕ್ಕಳ ಸ್ಕೂಲ್ ಫೀಸ್ ಕಟ್ಟಿ ನೋಡಿ, ಬೆಂಕಿ ಅಂದರೇನು ಅಂತ ಗೊತ್ತಾಗುತ್ತದೆ.

ಜಕ್ಕೂರು ಹುಡುಗ

ಎಲ್ಲರಿಗೂ ಥ್ಯಾಂಕ್ಸ್, ಜಗಳ ಆಡಬೇಡಿ. ಹೆಂಡತಿ ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ. ಸೊಸೆ ಮೇಡಂ ಬರೆದದ್ದು ಎರಡು ಸಲ ಓದಿದಳು. ಬಂದು ಹೋಗುವ ರೋಸ್ಟರ್ ಬಗ್ಗೆ ಯಾರಾದರೂ ಹೇಳುತ್ತೀರಾ? ಅವಳದ್ದು ಅದೊಂದೇ ಪ್ರಶ್ನೆ.

ಹುಬ್ಬಳ್ಳಿ ಕಾಕಾ

ನನಗೆ 20 ದಿನ ಕೆಲಸ, 10 ದಿನ ಮನೆ ಇತ್ತು. ಹೋಗುವುದು ಬರುವುದು ಕಳೆದರೆ ಎಂಟು. ಅದರಲ್ಲಿ ಎರಡು ದಿನ ನಿದ್ದೆ. ಮಗ ಹೈಸ್ಕೂಲಿಗೆ ಬರುವ ತನಕ ನನ್ನನ್ನು ಅತಿಥಿ ಅಂದುಕೊಂಡಿದ್ದ, ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದ.

ಫುಕುವೋಕಾ ಸೊಸೆ

ಕಾಕಾ, ಈ ಮಾತು ಮೊದಲೇ ಬರೆಯಬಾರದಿತ್ತಾ? ಧಾರವಾಡದ ಮನೆ ಮಾತ್ರ ಬರೆದಿರಿ.

ನೋಡಪ್ಪಾ, ಈಗ ಆ ಥರದ ಕಾಂಟ್ರ್ಯಾಕ್ಟ್ ಕೆಲವು ಕಡೆ ಇದೆ, ಕೆಲವು ಕಡೆ ಅಲ್ಲೇ ಇರಬೇಕು. ಸಹಿ ಹಾಕುವ ಮುಂಚೆ ಓದು. ಟ್ರೇನಿಂಗ್ ಮುಗಿಯುವ ತನಕ ಮಾತ್ರ ನಮಗೆ ಮನೆಗೆ ಕಳಿಸಲೇ ಇಲ್ಲ.

ಹೊನ್ನಾವರ ಭಟ್ಟ

ಹುಡುಗಾ, ನನ್ನ ಹತ್ತಿರ ಏರ್ ಲಾ ನೋಟ್ಸ್ ಇದೆ. ಕೈಬರಹ, 212 ಪುಟ, ಕಷ್ಟದ ಕಡೆ ಹಸಿರು ಶಾಯಿ. ಕಾಕಾ ಓದಿಕೊಂಡು ಹೋಗಬೇಕಿತ್ತು ಅಂದರಲ್ಲ, ಅದೇ. ವಿದ್ಯಾರಣ್ಯಪುರದ ಕಡೆ ಬಂದರೆ ಕೊಡುತ್ತೇನೆ, ದುಡ್ಡು ಬೇಡ. ಆದರೆ ಜೆರಾಕ್ಸ್ ಮಾಡಿಸಿಕೊಂಡು ಮೂಲ ಪ್ರತಿ ವಾಪಸ್ ಕೊಡು. ಮುಂದಿನ ಫೆಬ್ರವರಿಗೆ ನನಗೆ ಬೇಕು.