ಸಹಾಯ ಬೇಕು: ಪೆಟ್ರೋಲ್ ಜನರೇಟರ್ ಹೊತ್ತ ಹೈಬ್ರಿಡ್ ಸೈಕಲ್

ಸದಸ್ಯರಿಗೆ ನಮಸ್ಕಾರ. ಕಳೆ ಹೊಡೆಯುವ ಯಂತ್ರದಿಂದ ಬಿಚ್ಚಿದ 35 ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್ನನ್ನು ಚಕ್ರಕ್ಕೆ ನೇರವಾಗಿ ಜೋಡಿಸದೆ, ಅದರಿಂದ ಜನರೇಟರ್ ತಿರುಗಿಸಿ 48 ವೋಲ್ಟ್ ಬ್ಯಾಟರಿಯನ್ನು ಚಾರ್ಜ್ ಮಾಡಿಕೊಳ್ಳುತ್ತಾ, ಹಿಂಚಕ್ರದ 250 ವ್ಯಾಟ್ ಹಬ್ ಮೋಟಾರಿನಿಂದ ಓಡುವ ಸೈಕಲ್ಲೊಂದನ್ನು ಕಟ್ಟುತ್ತಿದ್ದೇನೆ. ಚೈನ್ ಹಾಕಿದರೆ ಶಕ್ತಿನಷ್ಟ ಕಡಿಮೆ ಎಂಬುದು ಗೊತ್ತು. ಆದರೆ ಮಲೆನಾಡಿನ ಏರುಗಳಲ್ಲೂ ಎಂಜಿನ್ ಒಂದೇ ವೇಗದಲ್ಲಿ ಓಡಬೇಕೆಂಬುದು ನನ್ನ ಹಟ. ಎಂಜಿನ್ 25 ಸಿಸಿ ಮೀರಿರುವುದರಿಂದ ಮೋಟಾರು ವಾಹನ ಕಾಯ್ದೆಯ ವಿನಾಯಿತಿ ಇದಕ್ಕೆ ಸಿಗದು, ಹಾಗಾಗಿ ಓಡಾಟವೆಲ್ಲ ಅಡಿಕೆ ತೋಟದೊಳಗೆ ಮಾತ್ರ.

ಜನರೇಟರ್ ಆಗಿ ಬಳಸುತ್ತಿರುವುದು ಒಂದು ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟಾರು. ಅದರ ಮೂರು ತಂತಿಗಳು ಎಸಿಯನ್ನು ಡಿಸಿಯಾಗಿಸುವ ಆರು ಡಯೋಡುಗಳ ರೆಕ್ಟಿಫೈಯರ್‌ಗೆ ಹೋಗುತ್ತವೆ. ತೊಡಕಿರುವುದು ಇಲ್ಲಿಯೇ. ಎಂಜಿನ್ನಿನ ವೇಗದೊಂದಿಗೆ ವೋಲ್ಟೇಜೂ ಏರುತ್ತದೆ, ಸರಣಿಯಲ್ಲಿ 13 ಸೆಲ್ಲುಗಳಿರುವ ಲಿಥಿಯಂ ಅಯಾನ್ ಬ್ಯಾಟರಿಯಾದರೋ 54.6 ವೋಲ್ಟ್ ದಾಟಬಾರದು; ಅದು ತುಂಬಿ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಸಂಪರ್ಕ ಕಡಿದೊಡನೆ ಹೊರೆ ತಪ್ಪಿದ ಎಂಜಿನ್ ಕಿರುಚಿಕೊಂಡು, ವೋಲ್ಟೇಜ್ ಜಿಗಿದು, ಹಬ್ ಮೋಟಾರಿನ ಕಂಟ್ರೋಲರ್ ಸುಟ್ಟುಹೋಗುವ ಭಯವಿದೆ.

ನಡುವೆ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಹಾಕುವುದು ಸರಿಯೋ, ಅಥವಾ ವೋಲ್ಟೇಜ್ ಗಮನಿಸಿ ಸರ್ವೋ (ಪುಟ್ಟ ನಿಯಂತ್ರಣ ಮೋಟಾರು) ಮೂಲಕ ಥ್ರಾಟಲ್ ತಗ್ಗಿಸುವುದು ಸಾಕೋ? ಇಂಥದ್ದನ್ನು ಮಾಡಿ ನೋಡಿದವರು, ಸಾಧ್ಯವಾದರೆ ಸರ್ಕ್ಯೂಟ್ ಚಿತ್ರದೊಂದಿಗೆ, ತಿಳಿಸಬೇಕಾಗಿ ಕೋರುತ್ತೇನೆ.