ವಾಪಸ್ ಬರೋ ದಾರಿಗೆ ಯಾರು ಕೊಡ್ತಾರೆ? ಆರ್‌ವಿ ಡೆಲಿವರಿ ಕೆಲಸದ ಬಗ್ಗೆ ಪ್ರಶ್ನೋತ್ತರ

ಈ ವಾರ ಉತ್ತರ ಕೊಡುವವರು ಇಂಡಿಯಾನಾ ರಾಜ್ಯದ ಗೋಶೆನ್ ಊರಿನ ಹತ್ತಿರ ಇರುವ ನಮ್ಮ ಗುಂಪಿನ ಸದಸ್ಯರು. ಮೂಲತಃ ಹಾಸನದ ಕಡೆಯವರು. ಸ್ವಂತ ಪಿಕಪ್‌ನಲ್ಲಿ ಹೊಸ ಆರ್‌ವಿ ಟ್ರೇಲರ್‌ಗಳನ್ನು ಡೀಲರ್‌ಗಳಿಗೆ ತಲುಪಿಸುತ್ತಾರೆ.

ಪ್ರಶ್ನೆ (ಕೊಲಂಬಸ್, ಒಹಾಯೊ): ನಮಸ್ಕಾರ ಸರ್. ನನಗೆ 63. ಬರುವ ಮಾರ್ಚ್‌ಗೆ ಐಟಿ ಕೆಲಸ ಬಿಡುತ್ತಿದ್ದೇನೆ. ಮನೆಯಲ್ಲಿ ಸುಮ್ನೆ ಕೂರುವ ಜಾಯಮಾನ ನನ್ನದಲ್ಲ, ಗಾಡಿ ಓಡಿಸುವುದು ಮೊದಲಿಂದಲೂ ಇಷ್ಟ. ಆರ್‌ವಿ ಡೆಲಿವರಿಯಲ್ಲಿ ರಿಟೈರ್ ಆದವರೇ ಜಾಸ್ತಿ ಅಂತ ಕೇಳಿದೆ. ಮೈಲಿಗೆ ಇಷ್ಟು ಡಾಲರ್ ಅನ್ನೋ ಜಾಹೀರಾತು ನೋಡಿದರೆ ಒಳ್ಳೆ ಸಂಪಾದನೆ ಅನಿಸುತ್ತದೆ. ಹೊಸ ಪಿಕಪ್ ಬುಕ್ ಮಾಡಲೇ?

ಉತ್ತರ: ಪಿಕಪ್ ಬುಕ್ ಮಾಡುವುದನ್ನು ಸ್ವಲ್ಪ ತಡೀರಿ ಸರ್.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಆರ್‌ವಿ ಅಂದರೆ ಮಂಚ, ಅಡುಗೆಮನೆ, ಬಚ್ಚಲು ಎಲ್ಲ ಇರುವ ಗಾಡಿ. ಅಮೆರಿಕದಲ್ಲಿ ತಯಾರಾಗುವ ಆರ್‌ವಿಗಳಲ್ಲಿ ಬಹುಪಾಲು ಹುಟ್ಟುವುದು ನಮ್ಮ ಎಲ್ಕಾರ್ಟ್ ಕೌಂಟಿ ಮತ್ತು ಅದರ ಸುತ್ತಮುತ್ತ. ದೊಡ್ಡ ಆರ್‌ವಿ ಕಂಪನಿಗಳಾದ ಥಾರ್, ಫಾರೆಸ್ಟ್ ರಿವರ್ ಎರಡೂ ಇಲ್ಲಿಯವೇ. ಫ್ಯಾಕ್ಟರಿಗಳಲ್ಲಿ ಆಮಿಶ್ ಜನ ತುಂಬಾ ಇದ್ದಾರೆ, ಕಾರು ಇಟ್ಟುಕೊಳ್ಳದೆ ಕುದುರೆ ಗಾಡಿಯಲ್ಲಿ ಓಡಾಡುವ ಕ್ರೈಸ್ತ ಪಂಥದವರು. ಹಾಗಾಗಿ 30 ಅಡಿ ಟ್ರೇಲರ್ ಎಳೆದುಕೊಂಡು ಹೊರಟಾಗ ಮುಂದೆ ಕುದುರೆ ಗಾಡಿ ಹೋಗುತ್ತಿರುವುದು ಇಲ್ಲಿ ಮಾಮೂಲು.

ಕೆಲಸದಲ್ಲಿ ಎರಡು ಬಗೆ. ಮೋಟರ್‌ಹೋಮ್ ಆದರೆ ಅದನ್ನೇ ಓಡಿಸಿಕೊಂಡು ಹೋಗುವುದು. ನಮ್ಮ ಕಡೆ ಹೆದ್ದಾರಿಯಲ್ಲಿ ಬಾಡಿ ಕಟ್ಟದ ಬಸ್ ಚಾಸಿಸ್ ಮೇಲೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೂತು ಹೋಗುವ ಡ್ರೈವರ್‌ಗಳನ್ನು ನೋಡಿರುತ್ತೀರಿ, ಹೆಚ್ಚುಕಡಿಮೆ ಅದೇ ಕೆಲಸ, ಏಸಿ ಒಂದು ಹೆಚ್ಚು. ಇನ್ನೊಂದು ನಾನು ಮಾಡುವುದು: ಎಂಜಿನ್ ಇಲ್ಲದ ಟ್ರೇಲರನ್ನು ನಮ್ಮದೇ ಪಿಕಪ್‌ಗೆ ಕಟ್ಟಿ ಎಳೆಯುವುದು. ಎರಡರಲ್ಲೂ ಸಂಬಳ ಇರುವುದು ಅಪರೂಪ. ನೀವು ಸ್ವತಂತ್ರ ಗುತ್ತಿಗೆದಾರ, ಸಾಗಣೆ ಕಂಪನಿ ಮೈಲಿ ಲೆಕ್ಕದಲ್ಲಿ ಕೊಡುತ್ತದೆ. ಆ ಮೈಲಿ ಹೋಗುವ ದಾರಿಯದ್ದು ಮಾತ್ರ. ಜಾಹೀರಾತಿನಲ್ಲಿ ವಾಪಸ್ ಬರುವ ದಾರಿ ಕಾಣಿಸುವುದಿಲ್ಲ.

ಲೆಕ್ಕ ಹಾಕೋಣ. ದರಗಳೆಲ್ಲ ಉದಾಹರಣೆಗೆ ಇಟ್ಟುಕೊಂಡದ್ದು, ನೀವು ನಿಮ್ಮ ಅಂಕಿ ಹಾಕಿಕೊಳ್ಳಿ. ಗೋಶೆನ್‌ನಿಂದ ಡೆನ್ವರ್‌ಗೆ ಸುಮಾರು 1,100 ಮೈಲಿ. ಮೈಲಿಗೆ 1.75 ಡಾಲರ್ ಅಂದರೆ 1,925. ಟ್ರೇಲರ್ ಕಟ್ಟಿದಾಗ ಗ್ಯಾಲನ್‌ಗೆ 10 ಮೈಲಿ ಸಿಕ್ಕರೆ ಪುಣ್ಯ. ಡೀಸೆಲ್ ಗ್ಯಾಲನ್‌ಗೆ 4 ಡಾಲರ್ ಆದರೆ ಹೋಗಲು 440. ಖಾಲಿ ಬರುವಾಗ 17 ಮೈಲಿ ಕೊಟ್ಟರೂ 260. ಟೋಲ್‌ಗೆ 25, ಊಟ ವಸತಿಗೆ ಕೈ ಬಿಗಿ ಹಿಡಿದರೆ 200. ಟೈರು, ಆಯಿಲ್, ಬ್ರೇಕು, ಟ್ರಕ್ಕಿನ ಬೆಲೆ ಇಳಿಯುವುದು, ಇವಕ್ಕೆ ಮೈಲಿಗೆ 20 ಸೆಂಟ್ ಎತ್ತಿಟ್ಟರೆ 2,200 ಮೈಲಿಗೆ 440. ಕೈಯಲ್ಲಿ ಉಳಿದದ್ದು 560. ನಾಲ್ಕು ದಿನದ ದುಡಿಮೆಗೆ. ಇದಕ್ಕೆ ತೆರಿಗೆ ಇನ್ನೂ ಬಿದ್ದಿಲ್ಲ.

ಹೊಸ ಪಿಕಪ್‌ಗೆ ಕಂತು ಇದ್ದರೆ ಆ 560 ಎಲ್ಲಿ ಹೋಗುತ್ತದೆ ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಅವರೇ ಮತ್ತೆ: ಹಾಗಾದರೆ ಜನ ಯಾಕೆ ಮಾಡುತ್ತಾರೆ ಸರ್? ನೀವು ಯಾಕೆ ಮಾಡುತ್ತಿದ್ದೀರಿ?

ಉತ್ತರ: ನನ್ನ ಟ್ರಕ್ಕಿನ ಸಾಲ ತೀರಿ ಎಷ್ಟೋ ಕಾಲವಾಯಿತು, ಮನೆ ಖರ್ಚು ಪಿಂಚಣಿಯಲ್ಲಿ ನಡೆಯುತ್ತದೆ. ಹಾಗಾಗಿ ಲೋಡ್ ನಾನು ಆರಿಸಿಕೊಳ್ಳಬಹುದು. ಮಗಳು ಇರುವ ಕಡೆಗೆ ಲೋಡ್ ಇದ್ದರೆ ದರ ನೋಡದೆ ಹಿಡಿಯುತ್ತೇನೆ. ಜನವರಿಯ ಹಿಮಕ್ಕೆ ಬೇಡ ಅಂದರೆ ಬೇಡ. ಕ್ರಿಸ್‌ಮಸ್ ಹೊತ್ತಿಗೆ ಫ್ಯಾಕ್ಟರಿಗಳೂ ಬಾಗಿಲು ಹಾಕುತ್ತವೆ, ನಾನು ಊರಿಗೆ ಹೋಗುತ್ತೇನೆ. ಇಷ್ಟು ಸ್ವಾತಂತ್ರ್ಯ ಬೇರೆ ಕೆಲಸದಲ್ಲಿ ಸಿಗುವುದಿಲ್ಲ. ಆದರೆ ಈ ದುಡ್ಡಿಲ್ಲದೆ ಮನೆ ನಡೆಯಲ್ಲ ಅನ್ನುವವರು ಇದನ್ನು ನಂಬಬಾರದು. 2021ರಲ್ಲಿ ಫ್ಯಾಕ್ಟರಿಗಳಿಂದ ಹೊರಟ ಆರ್‌ವಿಗಳು 6 ಲಕ್ಷ, ಅದು ದಾಖಲೆ. 2023ಕ್ಕೆ ಅದು 3 ಲಕ್ಷದ 13 ಸಾವಿರಕ್ಕೆ ಇಳಿಯಿತು. ಎರಡೇ ವರ್ಷದಲ್ಲಿ ಅರ್ಧ! ಆಗ ಹೊಸ ಟ್ರಕ್ ಕೊಂಡು ಬಂದವರು ಅಂಗಳದಲ್ಲಿ ಲೋಡ್‌ಗಾಗಿ ಕಾದು ಕೂತಿದ್ದರು.

ಪ್ರಶ್ನೆ (ಪ್ಲೇನೊ, ಟೆಕ್ಸಸ್): ಪಿಕಪ್ ಇಲ್ಲದವರಿಗೆ ಮೋಟರ್‌ಹೋಮ್ ಓಡಿಸುವುದೇ ಒಳ್ಳೆಯದಲ್ವಾ ಅಣ್ಣ? ಬಂಡವಾಳವೇ ಬೇಡ.

ಉತ್ತರ: ಬಂಡವಾಳ ಬೇಡ, ನಿಜ. ಆದರೆ ಗಾಡಿ ಒಪ್ಪಿಸಿದ ಮೇಲೆ ನೀವು ಡೀಲರ್ ಗೇಟಿನಲ್ಲಿ ಬ್ಯಾಗ್ ಹಿಡಿದು ನಿಂತಿರುತ್ತೀರಿ. ಜೊತೆಗೆ ಕಂಪನಿಯ ತಾತ್ಕಾಲಿಕ ನಂಬರ್ ಪ್ಲೇಟ್, ಅದನ್ನು ಬಿಚ್ಚಿ ವಾಪಸ್ ತರಬೇಕು. ವಿಮಾನವೋ, ಬಸ್ಸೋ, ಬಾಡಿಗೆ ಕಾರೋ ನಿಮ್ಮ ಪಾಡು. ಡೀಲರ್‌ಗಳು ಇರುವುದು ಊರಾಚೆ ಹೆದ್ದಾರಿ ಪಕ್ಕ, ವಿಮಾನ ನಿಲ್ದಾಣ ಎಲ್ಲೋ. ನುರಿತವರು ಲೋಡ್ ಹಿಡಿಯುವ ಮೊದಲೇ ವಾಪಸ್ ಟಿಕೆಟ್ ದರ ನೋಡುತ್ತಾರೆ. ಡಲ್ಲಾಸ್, ಫೀನಿಕ್ಸ್, ಟ್ಯಾಂಪಾದಂಥ ಕಡೆ ಅಗ್ಗದ ವಿಮಾನ ಸಿಗುತ್ತದೆ. ಮೊಂಟಾನಾದ ಸಣ್ಣ ಊರಿಗೆ ಮೈಲಿ ಜಾಸ್ತಿ ಅಂತ ಹೋದವನು ಬರುವಾಗ ಅಷ್ಟನ್ನೂ ಕಳೆದಿರುತ್ತಾನೆ. ಡೀಸೆಲ್ ಯಾರದ್ದು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಸಹಿ ಹಾಕುವ ಮೊದಲು ಕೇಳಿ.

ಇನ್ನೊಂದು ವಿಷಯ. ಬಹಳಷ್ಟು ಡೀಲರ್‌ಗಳು ಭಾನುವಾರ ಮುಚ್ಚಿರುತ್ತಾರೆ. ಶನಿವಾರ ಸಂಜೆ ತಲುಪಿದರೆ ಸೋಮವಾರದವರೆಗೆ ಕಾಯಬೇಕು, ಆ ವಸತಿ ಖರ್ಚೂ ನಿಮ್ಮದೇ.

ಪ್ರಶ್ನೆ (ನ್ಯೂಜೆರ್ಸಿ): ನಮ್ಮ ಯಜಮಾನರಿಗೆ 66. ಸಕ್ಕರೆ ಇದೆ, ಮಾತ್ರೆ ತಗೊಳ್ತಾರೆ. ಬಿಪಿನೂ ಇದೆ. ಇವರಿಗೆ ಕೊಡ್ತಾರಾ? ಕಮರ್ಷಿಯಲ್ ಲೈಸೆನ್ಸ್ ಬೇಕಾ?

ಉತ್ತರ: ಮೇಡಂ, ಫೆಡರಲ್ ಕಾನೂನಿನಲ್ಲಿ ಗರಿಷ್ಠ ವಯಸ್ಸು ಅಂತ ಇಲ್ಲ. ಗಾಡಿ ಮತ್ತು ಟ್ರೇಲರ್ ಎರಡರ ಗರಿಷ್ಠ ತೂಕದ ರೇಟಿಂಗ್ (ತಯಾರಕರು ನಿಗದಿ ಮಾಡಿದ ತೂಕದ ಮಿತಿ) ಸೇರಿ 10,001 ಪೌಂಡ್ ಮುಟ್ಟಿದರೆ, ರಾಜ್ಯ ದಾಟುವ ಕೆಲಸಕ್ಕೆ ಡಿಒಟಿ, ಅಂದರೆ ಅಮೆರಿಕದ ಸಾರಿಗೆ ಇಲಾಖೆಯ, ಮೆಡಿಕಲ್ ಕಾರ್ಡ್ ಬೇಕು. ಈ ಕೆಲಸದಲ್ಲಿ ಬಹುತೇಕ ಯಾವಾಗಲೂ ಮುಟ್ಟುತ್ತದೆ. ಅದನ್ನು ಎಲ್ಲ ಡಾಕ್ಟರೂ ಕೊಡುವಂತಿಲ್ಲ, ಸರ್ಕಾರದ ಪಟ್ಟಿಯಲ್ಲಿರುವ ಪರೀಕ್ಷಕರೇ ಆಗಬೇಕು. ಕಾರ್ಡ್ ಹೆಚ್ಚೆಂದರೆ 2 ವರ್ಷಕ್ಕೆ. ಬಿಪಿ 140/90ರ ಒಳಗೆ ಇಲ್ಲದಿದ್ದರೆ ಅವಧಿ ಕಮ್ಮಿಯಾಗುತ್ತದೆ. ಕನ್ನಡಕ ಹಾಕಿಯಾದರೂ ಒಂದೊಂದು ಕಣ್ಣಿನಲ್ಲೂ 20/40 ದೃಷ್ಟಿ ಇರಬೇಕು ಅನ್ನುವುದು ಸಾಮಾನ್ಯ ನಿಯಮ. ಸಕ್ಕರೆಗೆ ಮಾತ್ರೆ ತಗೊಂಡು ಹತೋಟಿಯಲ್ಲಿದ್ದರೆ ಅದೊಂದೇ ಕಾರಣಕ್ಕೆ ತಿರಸ್ಕರಿಸುವುದಿಲ್ಲ. ಇನ್ಸುಲಿನ್ ಇದ್ದರೆ ನೋಡಿಕೊಳ್ಳುವ ಡಾಕ್ಟರಿಂದ ಬೇರೆ ಫಾರ್ಮ್ ತುಂಬಿಸಬೇಕು. ಜೋರಾಗಿ ಗೊರಕೆ ಹೊಡೆಯುತ್ತಾರಾ? ನಗಬೇಡಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯಾ ಅಂತ ಪರೀಕ್ಷೆಗೆ ಕಳಿಸಬಹುದು.

ಕಮರ್ಷಿಯಲ್ ಲೈಸೆನ್ಸ್ ತೂಕದ ಮೇಲೆ. 26,001 ಪೌಂಡ್‌ಗಿಂತ ಕಡಿಮೆ ರೇಟಿಂಗಿನ ಮೋಟರ್‌ಹೋಮ್‌ಗೆ ಬೇಡ. ಆ ದೊಡ್ಡ ಡೀಸೆಲ್ ಬಸ್ಸಿನಂಥವು ಅದನ್ನು ದಾಟುತ್ತವೆ, ಆಗ ಕ್ಲಾಸ್ ಬಿ ಲೈಸೆನ್ಸ್ ಬೇಕು. ಟ್ರೇಲರ್ 10,000 ಪೌಂಡ್‌ಗಿಂತ ಹೆಚ್ಚಿದ್ದು, ಟ್ರಕ್ ಸೇರಿ 26,001 ಮುಟ್ಟಿದರೆ ಕ್ಲಾಸ್ ಎ ಲೈಸೆನ್ಸ್. ಸ್ವಂತಕ್ಕೆ ಆರ್‌ವಿ ಓಡಿಸುವವರಿಗೆ ಇರುವ ವಿನಾಯಿತಿ ದುಡ್ಡಿಗೆ ಓಡಿಸುವವರಿಗೆ ಇಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ.

ಗಂಟೆಗಳ ಮಿತಿಯೂ ಇದೆ. ಕೆಲಸ ಶುರುವಾದ 14 ಗಂಟೆಯೊಳಗೆ 11 ಗಂಟೆ ಮಾತ್ರ ಓಡಿಸಬಹುದು, ಆಮೇಲೆ 10 ಗಂಟೆ ವಿಶ್ರಾಂತಿ ಕಡ್ಡಾಯ. ಆರ್‌ವಿ ಸಾಗಿಸುವವರಿಗೆ ಎಲೆಕ್ಟ್ರಾನಿಕ್ ಲಾಗ್ ಯಂತ್ರ ಬೇಡ, ಕಾಗದದ ಲಾಗ್ ಪುಸ್ತಕ ಸಾಕು. ಆದರೆ ಪುಸ್ತಕ ಬರೆಯಲೇಬೇಕು. ಪೊಲೀಸರು ಹಿಡಿದರೆ ಮೊದಲು ಕೇಳುವುದು ಅದನ್ನೇ. ನೀವೂ ಜೊತೆಗೆ ಹೋಗುವ ಆಸೆ ಇದ್ದರೆ ಕಂಪನಿಯ ಲಿಖಿತ ಅನುಮತಿ ಬೇಕು ಮೇಡಂ.

ಪ್ರಶ್ನೆ (ಸ್ಯಾನ್ ಹೋಸೆ): ಈ ಕೆಲಸ ಮಾಡಿದರೆ ಸೋಶಿಯಲ್ ಸೆಕ್ಯುರಿಟಿ (ಇಲ್ಲಿನ ಸರ್ಕಾರಿ ಪಿಂಚಣಿ) ಕಟ್ ಆಗುತ್ತಾ ಸರ್? ಇನ್ನೊಂದು, ನಮ್ಮ ತಂದೆ 60ರ ಮೇಲೆ ಗ್ರೀನ್ ಕಾರ್ಡ್‌ನಲ್ಲಿ ಬಂದವರು. ಆ ಪಿಂಚಣಿಗೆ ಬೇಕಾದ 40 ಕ್ರೆಡಿಟ್ ಅವರಿಗೆ ಇಲ್ಲ. ಈ ಕೆಲಸದಿಂದ ಸಿಗುತ್ತದಾ?

ಉತ್ತರ: ಪೂರ್ಣ ನಿವೃತ್ತಿ ವಯಸ್ಸು ಆಗುವ ಮೊದಲೇ ಸೋಶಿಯಲ್ ಸೆಕ್ಯುರಿಟಿ ಶುರು ಮಾಡಿಕೊಂಡು ದುಡಿದರೆ ಮಿತಿ ಇದೆ. 1960 ಅಥವಾ ಆಮೇಲೆ ಹುಟ್ಟಿದವರಿಗೆ ಆ ವಯಸ್ಸು 67. 2025ರಲ್ಲಿ ಮಿತಿ 23,400 ಡಾಲರ್ ಇತ್ತು, ವರ್ಷವರ್ಷ ಬದಲಾಗುತ್ತದೆ. ಅದರ ಮೇಲೆ ದುಡಿದ ಪ್ರತಿ 2 ಡಾಲರ್‌ಗೆ 1 ಡಾಲರ್ ತಡೆಹಿಡಿಯುತ್ತಾರೆ. ನಮ್ಮಂಥವರಿಗೆ ಲೆಕ್ಕಕ್ಕೆ ಬರುವುದು ಖರ್ಚು ಕಳೆದ ಲಾಭ, ಬಂದ ಒಟ್ಟು ದುಡ್ಡಲ್ಲ. ಹಾಗಾಗಿ ಹೆಚ್ಚಿನವರು ಮಿತಿಯ ಹತ್ತಿರಕ್ಕೂ ಬರುವುದಿಲ್ಲ.

ತಂದೆಯವರ ವಿಷಯದಲ್ಲಿ ಸ್ವಲ್ಪ ಹುಷಾರು. 2025ರಲ್ಲಿ ಒಂದು ಕ್ರೆಡಿಟ್‌ಗೆ 1,810 ಡಾಲರ್ ಲಾಭ ತೋರಿಸಬೇಕಿತ್ತು, ವರ್ಷಕ್ಕೆ ನಾಲ್ಕೇ ಕ್ರೆಡಿಟ್. ಅಂದರೆ 7,240. ಈಗ ಮೇಲಿನ ಡೆನ್ವರ್ ಲೆಕ್ಕಕ್ಕೆ ಬನ್ನಿ. ಸ್ವಂತ ಪಿಕಪ್‌ಗೆ ತೆರಿಗೆ ಇಲಾಖೆ 2025ರಲ್ಲಿ ಮೈಲಿಗೆ 70 ಸೆಂಟ್ ಖರ್ಚು ಅಂತ ಒಪ್ಪುತ್ತಿತ್ತು. 2,200 ಮೈಲಿಗೆ 1,540. ಮೇಲೆ ದಿನದ ಊಟದ ಭತ್ಯೆ 80 ಡಾಲರ್, ಅದರಲ್ಲಿ 80 ಶೇಕಡಾ ಕಳೆಯಬಹುದು. ಟೋಲೂ ಕಳೆದರೆ ಕಾಗದದ ಮೇಲೆ ಲಾಭ 100 ಡಾಲರ್ ಆಸುಪಾಸು! ತೆರಿಗೆ ಉಳಿಯಿತು ಅಂತ ಖುಷಿ ಪಡುತ್ತೇವೆ, ಆದರೆ ಕ್ರೆಡಿಟ್ ಹುಟ್ಟುವುದೇ ಇಲ್ಲ. ಭಾರತ ಮತ್ತು ಅಮೆರಿಕದ ನಡುವೆ ಸೋಶಿಯಲ್ ಸೆಕ್ಯುರಿಟಿ ಒಪ್ಪಂದ ಇಲ್ಲ, ಅಲ್ಲಿ ದುಡಿದ ವರ್ಷಗಳು ಇಲ್ಲಿ ಸೇರುವುದಿಲ್ಲ. ಕ್ರೆಡಿಟ್ಟೇ ಗುರಿಯಾದರೆ ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ವಾರಕ್ಕೆ ಒಂದಷ್ಟು ಗಂಟೆ ಸಂಬಳದ ಕೆಲಸ ವಾಸಿ.

ಪ್ರಶ್ನೆ (ಮೈಸೂರು): ಸರ್, ನಾನು ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿ ನಿವೃತ್ತಿ. ಮಗನ ಹತ್ತಿರ ಷಿಕಾಗೋಗೆ 6 ತಿಂಗಳು ಬರ್ತಿದ್ದೇನೆ. ಅಷ್ಟು ದಿನ ಈ ಕೆಲಸ ಮಾಡಬಹುದಾ?

ಉತ್ತರ: ಇಲ್ಲ ಸ್ವಾಮಿ. ನಿಮ್ಮ ಅನುಭವದ ಮುಂದೆ ನಾವು ಯಾವ ಲೆಕ್ಕ. ಚಾರ್ಮಾಡಿ ಘಾಟಿಯಲ್ಲಿ ಬಸ್ ಇಳಿಸಿದವರಿಗೆ ಇದು ಕಷ್ಟವೇ ಅಲ್ಲ. ಆದರೆ ಸಂದರ್ಶಕರ ವೀಸಾದಲ್ಲಿ ದುಡ್ಡಿಗೆ ಕೆಲಸ ಮಾಡುವಂತಿಲ್ಲ. ಕೈಗೆ ನಗದು ಕೊಡ್ತೀವಿ ಅಂತ ಯಾರಾದರೂ ಕರೆದರೂ ಬೇಡ, ಮುಂದೆ ವೀಸಾ ಸಿಗುವುದೇ ಕಷ್ಟವಾಗುತ್ತದೆ.

ಓಡಿಸುವ ಆಸೆ ಇದ್ದರೆ ಒಂದು ದಾರಿ ಇದೆ. ಬಾಡಿಗೆ ಆರ್‌ವಿ ಕಂಪನಿಗಳು ವಸಂತದಲ್ಲಿ ಹೊಸ ಗಾಡಿಗಳನ್ನು ಈ ಕಡೆಯಿಂದ ಪಶ್ಚಿಮಕ್ಕೆ ಒಯ್ಯಬೇಕಾಗುತ್ತದೆ. ಆಗ ಪ್ರವಾಸಿಗರಿಗೇ ತೀರಾ ಕಡಿಮೆ ಬಾಡಿಗೆಗೆ ಒಮ್ಮುಖ ಕೊಡುತ್ತಾರೆ. ಸಂಪಾದನೆ ಇಲ್ಲ, ಬಾಡಿಗೆ ನೀವೇ ಕೊಡಬೇಕು. ಆದರೆ ಮಗ ಸೊಸೆ ಜೊತೆ ಅದರಲ್ಲೇ ಮಲಗಿ, ಅಡುಗೆ ಮಾಡಿಕೊಂಡು ಹೋಗಬಹುದು.

ಪ್ರಶ್ನೆ (ಪ್ಲೇನೊ, ಮತ್ತೆ): ನಾವು ಡೆಲಿವರಿಗೆ ಒಯ್ಯುವ ಗಾಡಿಯಲ್ಲಿ ಮಲಗಬಹುದಾ? ದಾರಿಯಲ್ಲಿ ಯಾವುದಕ್ಕೆ ಹೆದರಬೇಕು?

ಉತ್ತರ: ಮಲಗುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಶೌಚಾಲಯ ಮುಟ್ಟುವಂತಿಲ್ಲ. ಅದು ಬೇರೆಯವರ ಹೊಸ ಮನೆ. ಪಿಕಪ್‌ನ ಹಿಂದಿನ ಸೀಟೇ ನಮ್ಮ ಲಾಡ್ಜು.

ನಾನು ಹೆದರುವುದು ಗಾಳಿಗೆ. ವ್ಯೋಮಿಂಗ್‌ನಲ್ಲಿ ಇಂಟರ್‌ಸ್ಟೇಟ್ 80, ಲಾರಮಿಯಿಂದ ರಾಲಿನ್ಸ್‌ವರೆಗೆ. ಟ್ರೇಲರ್ ಎತ್ತರ ಜಾಸ್ತಿ, ತೂಕ ಕಮ್ಮಿ, ಪಕ್ಕದಿಂದ ಗಾಳಿ ಬೀಸಿದರೆ ಮಗುಚುತ್ತದೆ. ಹಗುರವಾದ ಎತ್ತರದ ಗಾಡಿಗಳಿಗೆ ಅಲ್ಲಿ ರಸ್ತೆ ಮುಚ್ಚುವುದು ಸಾಮಾನ್ಯ. ಮುಚ್ಚಿದರೆ ನಿಲ್ಲಿ. ಲೋಡ್ ಹಂಚುವ ಕಂಪನಿಯ ಡಿಸ್ಪ್ಯಾಚರ್ ಫೋನಿನಲ್ಲಿ ಎಷ್ಟೇ ಅವಸರ ಮಾಡಲಿ, ಸ್ಟಿಯರಿಂಗ್ ನಿಮ್ಮ ಕೈಯಲ್ಲಿದೆ. ಎರಡನೆಯದು ಎತ್ತರ. ಕಾರಿನ ಜಿಪಿಎಸ್ ನಂಬಿ ಬಾಸ್ಟನ್‌ನ ಸ್ಟಾರೋ ಡ್ರೈವ್‌ಗೆ ನುಗ್ಗಿದರೆ ಅಲ್ಲಿ ಮಿತಿ 10 ಅಡಿ, ಮೋಟರ್‌ಹೋಮ್ 12 ಅಡಿ. ಛಾವಣಿಯ ಏಸಿ ರಸ್ತೆ ಮೇಲೆ. ಮೂರನೆಯದು ಟ್ರೇಲರ್ ಟೈರು. ಎಷ್ಟೋ ಟೈರುಗಳಿಗೆ ಗಂಟೆಗೆ 65 ಮೈಲಿಯೇ ಮಿತಿ, ನಮ್ಮವರು 75ರಲ್ಲಿ ಹೋಗುತ್ತಾರೆ. ಹೊಸ ಚಕ್ರದ ನಟ್ಟುಗಳು ಮೊದಲ 50 ಮೈಲಿಯಲ್ಲೇ ಸಡಿಲವಾಗಬಹುದು, ನಿಲ್ಲಿಸಿ ಬಿಗಿ ಮಾಡಿ.

ಪ್ರಶ್ನೆ (ಕೊಲಂಬಸ್): ಸರಿ ಸರ್, ಪಿಕಪ್ ಬುಕ್ ಮಾಡಲ್ಲ. ಮೊದಲು ಮೆಡಿಕಲ್ ಮಾಡಿಸಿ, ಒಂದು ಬೇಸಿಗೆ ಮೋಟರ್‌ಹೋಮ್ ಓಡಿಸಿ ನೋಡ್ತೀನಿ. ಕಂಪನಿಗೆ ಸಹಿ ಹಾಕುವಾಗ ಏನು ನೋಡಬೇಕು?

ಉತ್ತರ: ಅದು ಸರಿಯಾದ ದಾರಿ. ತರಬೇತಿಗೆ ಅಂತ ಮೊದಲೇ ದುಡ್ಡು ಕೇಳಿದರೆ ಎದ್ದು ಬನ್ನಿ. ಕಂಪನಿಯ ಯುಎಸ್‌ಡಿಒಟಿ ನಂಬರ್ (ಸಾರಿಗೆ ಇಲಾಖೆಯ ನೋಂದಣಿ ಸಂಖ್ಯೆ) ಕೇಳಿ, ಫೆಡರಲ್ ಸಾರಿಗೆ ಸುರಕ್ಷತಾ ಇಲಾಖೆಯ ತಾಣದಲ್ಲಿ ಹಾಕಿದರೆ ಪರವಾನಗಿ, ವಿಮೆ, ಅಪಘಾತದ ದಾಖಲೆ ಪುಕ್ಕಟೆಯಾಗಿ ಕಾಣುತ್ತದೆ. ಒಪ್ಪಂದದಲ್ಲಿ ಗಾಡಿಗೆ ಪೆಟ್ಟಾದರೆ ನಿಮ್ಮ ಪಾಲು ಎಷ್ಟು ಅನ್ನುವ ಸಾಲು ಹುಡುಕಿ. ಒಂದು ಗೀಚಿಗೆ ಎರಡು ಟ್ರಿಪ್ಪಿನ ದುಡ್ಡು ಹೋಗುವಂತಿದ್ದರೆ ಬೇರೆ ಕಂಪನಿ ನೋಡಿ. ಮುಂದೆ ಪಿಕಪ್ ಕೊಂಡರೂ ನಿಮ್ಮ ಮಾಮೂಲಿ ಕಾರ್ ವಿಮೆ ಈ ಕೆಲಸಕ್ಕೆ ನಡೆಯುವುದಿಲ್ಲ, ಲೋಡ್ ಇಲ್ಲದೆ ವಾಪಸ್ ಬರುವಾಗಿನ ವಿಮೆಯನ್ನು ಬೇರೆಯೇ ಮಾಡಿಸಬೇಕು.

ಮತ್ತೆ ಫ್ಯಾಕ್ಟರಿ ಅಂಗಳ ಬಿಡುವ ಮೊದಲು ಗಾಡಿಯ ನಾಲ್ಕೂ ಬದಿ, ಛಾವಣಿ, ಒಳಗಿನ ನೆಲ, ಎಲ್ಲದರ ಫೋಟೋ ತೆಗೆಯಿರಿ. ಮಳೆ ಬರುತ್ತಿದ್ದರೂ ತೆಗೆಯಿರಿ. ಡೀಲರ್ ಕಡೆಯವರು ಟಾರ್ಚ್ ಹಿಡಿದುಕೊಂಡೇ ಬರುತ್ತಾರೆ.